ಮಾದರಿ ರೈಲಿನ ಫೋಟೋಗೆ ಫೋಕಸ್ ಸ್ಟ್ಯಾಕಿಂಗ್: ಯಾವ ಸಾಫ್ಟ್‌ವೇರ್ ಯಾವುದಕ್ಕೆ ಸರಿ?

ಮಾದರಿ ರೈಲಿನ ಫೋಟೋ ನೋಡಿದ ಕೂಡಲೇ ಇದು ಆಟಿಕೆ ಎಂದು ಗೊತ್ತಾಗಿಬಿಡುವುದು ಹೆಚ್ಚಾಗಿ ಮಸುಕಿನಿಂದ. ನಿಜವಾದ ರೈಲನ್ನು 50 ಮೀಟರ್ ದೂರದಲ್ಲಿ ನಿಂತು ತೆಗೆದರೆ ಎಂಜಿನ್ ಮೂತಿಯಿಂದ ಕೊನೆಯ ಬೋಗಿಯವರೆಗೆ ಎಲ್ಲವೂ ನಿಚ್ಚಳ. ಅದೇ ನೋಟವನ್ನು ಎಚ್‌ಒ ಅಳತೆಗೆ, ಅಂದರೆ 1:87ಕ್ಕೆ ಇಳಿಸಿದರೆ ಕ್ಯಾಮೆರಾ ಇರಬೇಕಾದದ್ದು 57 ಸೆಂ.ಮೀ. ದೂರದಲ್ಲಿ. ಅಷ್ಟು ಹತ್ತಿರದಿಂದ ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ, ಎಫ್/8ರಲ್ಲಿ ತೆಗೆದರೆ ಫೋಕಸ್‌ಗೆ ಸಿಗುವ ಆಳ ಸುಮಾರು ಮೂರೂವರೆ ಸೆಂ.ಮೀ. ರೈಲಿನ ಲೆಕ್ಕದಲ್ಲಿ ಅದು ಮೂರು ಮೀಟರ್ ಅಷ್ಟೇ. ಒಂದು ಬೋಗಿಯೇ ಇಪ್ಪತ್ತು ಸೆಂ.ಮೀ. ದಾಟುತ್ತದೆ! ಲೆನ್ಸಿನ ರಂಧ್ರವನ್ನು ಎಫ್/22ಕ್ಕೆ ಕಿರಿದಾಗಿಸಿದರೆ ಆಳವೇನೋ ಹೆಚ್ಚುತ್ತದೆ, ಆದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗಿ ರಿವೆಟ್ ಸಾಲುಗಳು ಅಳಿಸಿಹೋಗುತ್ತವೆ. ಫೋಕಸನ್ನು ಹಂತಹಂತವಾಗಿ ಹಿಂದಕ್ಕೆ ಸರಿಸುತ್ತಾ ಹಲವು ಫೋಟೋ ತೆಗೆದು, ಒಂದೊಂದರಲ್ಲೂ ಸ್ಪಷ್ಟವಿರುವ ಭಾಗವನ್ನು ಮಾತ್ರ ಒಗ್ಗೂಡಿಸುವುದೇ ಇದಕ್ಕೆ ದಾರಿ; ಇದೇ ಫೋಕಸ್ ಸ್ಟ್ಯಾಕಿಂಗ್.

ಒಗ್ಗೂಡಿಸುವ ಸಾಫ್ಟ್‌ವೇರ್‌ಗಳು ಹಲವಿವೆ. ನಾನು ಒಂದೇ ದೃಶ್ಯದ ಒಂದೇ ಫೋಟೋ ರಾಶಿಯನ್ನು ಐದಕ್ಕೂ ಕೊಟ್ಟು ನೋಡಿದೆ. ದೃಶ್ಯ ಯಾವುದೆಂದು ಮೊದಲು ಹೇಳಬೇಕು, ಏಕೆಂದರೆ ಕೀಟ ಅಥವಾ ಒಡವೆಯ ಫೋಟೋಗೆ ಗೆಲ್ಲುವ ಸಾಫ್ಟ್‌ವೇರ್ ರೈಲಿಗೂ ಗೆಲ್ಲುತ್ತದೆ ಎನ್ನುವಂತಿಲ್ಲ.

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಆದರೆ ನಮ್ಮ ಸೋಮವಾರಪೇಟೆ ಕಡೆಯ ಪುಷ್ಪಗಿರಿಯ ಆಚೆ ಮಗ್ಗುಲಿಗೆ ಇಳಿದರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಮಾರ್ಗ: 57 ಸುರಂಗ, 50ಕ್ಕೆ 1ರ ಏರು. 1979ರಿಂದ 1996ರವರೆಗೆ ಅಲ್ಲಿ ಮೀಟರ್ ಗೇಜ್ ರೈಲು ಓಡುತ್ತಿತ್ತು. ಮನೆಯ ಮಹಡಿಯಲ್ಲಿ ನಾನು ಕಟ್ಟಿರುವುದು ಆ ಕಾಲದ ಒಂದು ತುಣುಕು. 12 ಎಂಎಂ ಹಳಿಯ ಮೇಲೆ ವೈಡಿಎಂ-4 ಡೀಸೆಲ್ ಎಂಜಿನ್, ನಾಲ್ಕು ಬೋಗಿ, ಒಂದು ಉಕ್ಕಿನ ಸೇತುವೆ. ಮುಂದೆ ತೋಟದಲ್ಲಿ ಗಿಡ ಸವರಿದಾಗ ಬಿದ್ದ ಕಾಫಿ ರೆಂಬೆಗಳಿಂದ ಮಾಡಿದ ಮರಗಳು. ಹಳಿಯ ಪಕ್ಕ ತಂತಿ ಕಂಬಗಳು. ತಂತಿಗೆ ಹಳೆ ವೈರಿನೊಳಗಿನ ಒಂದೊಂದು ತಾಮ್ರದ ಎಳೆ. ಹಿಂದೆ ಬಣ್ಣ ಬಳಿದ ಬೆಟ್ಟ, ಆಕಾಶ.

ಈ ತಂತಿ ಮತ್ತು ರೆಂಬೆಗಳೇ ನಿಜವಾದ ಪರೀಕ್ಷೆ. ಬೋಗಿಯ ಮೇಲೆ ಫೋಕಸ್ ಇದ್ದಾಗ ಮುಂದಿನ ತಂತಿ ಅಗಲವಾದ ಮಬ್ಬು ಪಟ್ಟಿಯಾಗಿ ಹರಡಿ ಬೋಗಿಯ ಸ್ವಲ್ಪ ಭಾಗದ ಮೇಲೆ ಮುಸುಕು ಎಳೆಯುತ್ತದೆ. ತಂತಿಯ ಮೇಲೆ ಫೋಕಸ್ ಇದ್ದಾಗ ಬೋಗಿ ಮಬ್ಬು. ಹೀಗಾಗಿ ತಂತಿಯ ಅಂಚಿನಲ್ಲಿರುವ ಬೋಗಿಯ ಬಣ್ಣ ಯಾವ ಫೋಟೋದಲ್ಲೂ ಶುದ್ಧವಾಗಿ ಸಿಗುವುದಿಲ್ಲ. ಈ ಇಕ್ಕಟ್ಟನ್ನು ಯಾರು ಹೇಗೆ ನಿಭಾಯಿಸುತ್ತಾರೆ ಎನ್ನುವುದರಲ್ಲೇ ಸಾಫ್ಟ್‌ವೇರ್‌ಗಳ ವ್ಯತ್ಯಾಸ ಅಡಗಿದೆ.

ಇದಕ್ಕೆ ಎರಡು ಮುಖ್ಯ ವಿಧಾನ. ಡೆಪ್ತ್ ಮ್ಯಾಪ್ ವಿಧಾನ ಪ್ರತಿ ಬಿಂದು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಿ, ಆ ದೂರದ ಫೋಟೋದಿಂದಲೇ ಬಣ್ಣ ಎತ್ತಿಕೊಳ್ಳುತ್ತದೆ. ಬೋಗಿಯ ನುಣುಪು ಮೈ, ಆಕಾಶ, ಪ್ಲಾಟ್‌ಫಾರಂನ ನೆಲ ಎಲ್ಲ ಮೂಲ ಬಣ್ಣದಲ್ಲೇ ಉಳಿಯುತ್ತವೆ. ಒಂದರ ಮುಂದೊಂದು ಹಾದುಹೋಗುವ ಸಣ್ಣ ವಸ್ತುಗಳಲ್ಲಿ ಮಾತ್ರ ಎಡವುತ್ತದೆ. ಪಿರಮಿಡ್ ವಿಧಾನ ಚಿತ್ರವನ್ನು ದಪ್ಪ ವಿವರ, ಸಣ್ಣ ವಿವರ ಎಂದು ಪದರಪದರವಾಗಿ ಬಿಡಿಸಿ, ಪ್ರತಿ ಪದರದಲ್ಲೂ ಹೆಚ್ಚು ಸ್ಪಷ್ಟವಿರುವುದನ್ನು ಆರಿಸುತ್ತದೆ. ತಂತಿ, ರೆಂಬೆ, ಬೇಲಿ ಅದ್ಭುತವಾಗಿ ಬರುತ್ತವೆ. ಬದಲಿಗೆ ನಾಯ್ಸ್ ಮತ್ತು ಕಾಂಟ್ರಾಸ್ಟ್ ಏರಿ, ಆಕಾಶದಲ್ಲಿ ಮರಳು ಚೆಲ್ಲಿದ ಹಾಗೆ ಆಗುತ್ತದೆ.

ನನ್ನ ಹೆಂಡತಿಯ ತಮ್ಮನಿಗೆ ಎರಡೂ ವಿಧಾನದ ಪ್ರಿಂಟ್ ತೋರಿಸಿದೆ. ಡೆಪ್ತ್ ಮ್ಯಾಪ್ ಪ್ರಿಂಟ್ ಕೈಗೆತ್ತಿಕೊಂಡು ಅವನು ಕೇಳಿದ್ದು, “ಭಾವ, ಕಂಬಕ್ಕೆ ತಂತಿ ಎಳೆದಿಲ್ವಾ ನೀವು?” ತಂತಿ ಬೋಗಿಯ ಎದುರು ಹಾದುಹೋಗುವ ಜಾಗದಲ್ಲಿ ತುಂಡಾಗಿತ್ತು.

ಇನ್ನು ಒಂದೊಂದಾಗಿ. ಹೆಲಿಕಾನ್ ಫೋಕಸ್‌ನಲ್ಲಿ ಎ, ಬಿ, ಸಿ ಎಂದು ಮೂರು ವಿಧಾನಗಳಿವೆ. ಎ ಸರಾಸರಿಯ ದಾರಿ, ಬಿ ಡೆಪ್ತ್ ಮ್ಯಾಪ್, ಸಿ ಪಿರಮಿಡ್. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ, ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ರಾ ಫೈಲ್‌ಗಳನ್ನು, ಅಂದರೆ ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್‌ಗಳನ್ನು, ನೇರವಾಗಿ ತೆರೆಯುತ್ತದೆ. ರೇಡಿಯಸ್, ಸ್ಮೂದಿಂಗ್ ಎರಡೇ ಗುಂಡಿ ತಿರುಗಿಸಿ ನೋಡುತ್ತಾ ಹೋಗಬಹುದು. ಮರ, ತಂತಿ ಇಲ್ಲದ ದೃಶ್ಯಕ್ಕೆ, ಉದಾಹರಣೆಗೆ ಸ್ಟೇಷನ್ನಿನಲ್ಲಿ ಒಂಟಿ ಎಂಜಿನ್ ನಿಂತಿದ್ದರೆ, ಬಿ ವಿಧಾನದ ಫಲಿತಾಂಶವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ತಿದ್ದುವ ಬ್ರಶ್ ಬೇಕೆಂದರೆ ಲೈಟ್ ಆವೃತ್ತಿ ಸಾಲದು, ಪ್ರೊ ಬೇಕು.

ಜೆರೀನ್ ಸ್ಟ್ಯಾಕರ್‌ನ ಮುಖ ಹಳೆಯ ಕಾಲದ್ದು. ನಿಧಾನ. ರಾ ಫೈಲ್ ಓದುವುದಿಲ್ಲ. ಮೊದಲು 16 ಬಿಟ್ ಟಿಫ್ ಮಾಡಿ ಕೊಡಬೇಕು. ಇಷ್ಟಾದರೂ ಘಾಟಿಯ ದೃಶ್ಯಕ್ಕೆ ನನ್ನ ಆಯ್ಕೆ ಇದೇ, ಮತ್ತು ಇದರಲ್ಲಿ ನನಗೆ ಅನುಮಾನವಿಲ್ಲ. ಪಿಮ್ಯಾಕ್ಸ್ ಎನ್ನುವ ಇದರ ಪಿರಮಿಡ್ ವಿಧಾನ ಕಾಫಿ ರೆಂಬೆಗಳ ಹಿಂದೆ ಸೇತುವೆಯ ಗರ್ಡರ್ ಕಾಣುವ ಕಡೆಯೂ ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಟ್ಟಿತು. ನಾನು ಮಾಡುವುದು ಹೀಗೆ: ಒಮ್ಮೆ ಇದರ ಡೆಪ್ತ್ ಮ್ಯಾಪ್ ವಿಧಾನವಾದ ಡಿಮ್ಯಾಪ್, ಒಮ್ಮೆ ಪಿಮ್ಯಾಕ್ಸ್ ಓಡಿಸುತ್ತೇನೆ. ಡಿಮ್ಯಾಪ್ ಚಿತ್ರವನ್ನು ತಳಕ್ಕೆ ಇಟ್ಟುಕೊಂಡು, ರೀಟಚ್ ಬ್ರಶ್‌ನಲ್ಲಿ ಪಿಮ್ಯಾಕ್ಸ್ ಚಿತ್ರದಿಂದ ತಂತಿಯನ್ನು ಮಾತ್ರ ಎಳೆದು ತರುತ್ತೇನೆ. ಬ್ರಶ್ಶಿನ ಅಗಲ ತಂತಿಯ ಎರಡು ಪಟ್ಟಿಗಿಂತ ಹೆಚ್ಚಿರಬಾರದು, ಇಲ್ಲದಿದ್ದರೆ ಬೋಗಿಯ ಮೈಮೇಲೆ ಒರಟು ಪಟ್ಟೆ ಉಳಿಯುತ್ತದೆ. ಆಕಾಶ ಡಿಮ್ಯಾಪ್‌ನದೇ ಇರಲಿ. ಬೆಟ್ಟದಂಚಿನ ಮರದ ನೆತ್ತಿಗೆ ಮಾತ್ರ ಪಿಮ್ಯಾಕ್ಸ್.

ಫೋಟೋಶಾಪ್‌ನಲ್ಲಿ ಎಲ್ಲ ಫೋಟೋಗಳನ್ನು ಲೇಯರ್‌ಗಳಾಗಿ ತೆರೆದು, ಆಟೋ-ಅಲೈನ್ ಮಾಡಿ, ಆಟೋ-ಬ್ಲೆಂಡ್‌ನಲ್ಲಿ ಸ್ಟ್ಯಾಕ್ ಇಮೇಜಸ್ ಒತ್ತಬೇಕು. ಪ್ರತಿ ಲೇಯರಿಗೂ ಒಂದು ಮಾಸ್ಕ್, ಅಂದರೆ ಅದರ ಯಾವ ಭಾಗ ಕಾಣಬೇಕೆಂದು ಹೇಳುವ ಮುಸುಕು, ಹುಟ್ಟುತ್ತದೆ. ವಿಧಾನ ಆರಿಸುವ, ರೇಡಿಯಸ್ ಬದಲಿಸುವ ಅವಕಾಶವಿಲ್ಲ. ರೆಂಬೆಗಳ ಸುತ್ತ ಮಾಸ್ಕ್ ಕೈಯಲ್ಲಿ ತಿದ್ದಬಹುದು, ಆದರೆ ಮೂವತ್ತು ಲೇಯರಿನಲ್ಲಿ ಸರಿಯಾದದ್ದನ್ನು ಹುಡುಕುವುದರೊಳಗೆ ತಾಳ್ಮೆ ಮುಗಿಯುತ್ತದೆ. ಬೇರೆ ಕೆಲಸಕ್ಕೆ ಹೇಗೂ ಚಂದಾ ಕಟ್ಟುತ್ತಿದ್ದರೆ ಬಳಸಿ; ಇದಕ್ಕಾಗಿಯೇ ಕಟ್ಟಬೇಡಿ.

ಫೋಟೋ ತಿದ್ದುವ ಅಫಿನಿಟಿಯನ್ನು 2024ರಲ್ಲಿ ಕಾನ್ವಾ ಕಂಪನಿ ಕೊಂಡುಕೊಂಡಿತು, 2025ರಲ್ಲಿ ಉಚಿತ ಮಾಡಿತು. ಇದರ ಫೋಕಸ್ ಮರ್ಜ್‌ನಲ್ಲಿಯೂ ಹೊಂದಿಸುವುದಕ್ಕೆ ಏನೂ ಇಲ್ಲ. ಆದರೆ ಮುಗಿದ ಮೇಲೆ ಸೋರ್ಸಸ್ ಫಲಕದಲ್ಲಿ ಮೂಲ ಫೋಟೋಗಳೆಲ್ಲ ಸಾಲಾಗಿ ಇರುತ್ತವೆ. ಬೇಕಾದದ್ದನ್ನು ಆರಿಸಿ ಕ್ಲೋನ್ ಬ್ರಶ್‌ನಲ್ಲಿ ಒರೆಸಿದರೆ ಆಯಿತು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಪನೋರಮಾ ಜೋಡಿಸುವ ಹ್ಯೂಗಿನ್ ಸಾಫ್ಟ್‌ವೇರ್ ಜೊತೆಗೆ ಬರುವ ಎನ್‌ಫ್ಯೂಸ್ ಕೂಡ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಆದೇಶ ಟೈಪ್ ಮಾಡಬೇಕು ಎಂಬ ಹಿಂಜರಿಕೆ ಬೇಡ. ಎಕ್ಸ್‌ಪೋಶರ್ ತೂಕ 0, ಸ್ಯಾಚುರೇಶನ್ ತೂಕ 0, ಕಾಂಟ್ರಾಸ್ಟ್ ತೂಕ 1, ಹಾರ್ಡ್ ಮಾಸ್ಕ್ ಆನ್: ನೆನಪಿಡಬೇಕಾದದ್ದು ಇಷ್ಟೇ. ಹಾರ್ಡ್ ಮಾಸ್ಕ್ ಮರೆತರೆ ಎಲ್ಲ ಸರಾಸರಿಯಾಗಿ ಮಂಕಾಗುತ್ತದೆ.

ತೆಗೆಯುವ ಹಂತದಲ್ಲೂ ಒಂದು ಪೈಪೋಟಿ ಇದೆ, ಅಲ್ಲಿ ಮೊಬೈಲೇ ಕ್ಯಾಮೆರಾವನ್ನು ಸೋಲಿಸುತ್ತದೆ. ಹಳಿಯ ಪಕ್ಕ ನಿಂತ ಮನುಷ್ಯನ ಕಣ್ಣೆತ್ತರ 1.6 ಮೀಟರ್ ಎಂದರೆ ಎಚ್‌ಒದಲ್ಲಿ 18 ಎಂಎಂ. ಡಿಎಸ್‌ಎಲ್‌ಆರ್ ಲೆನ್ಸಿನ ಅರ್ಧ ಅಗಲವೇ ಅದಕ್ಕಿಂತ ಹೆಚ್ಚು, ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಮೊಬೈಲನ್ನು ತಲೆಕೆಳಗಾಗಿ ಹಳಿಯ ಪಕ್ಕ ನಿಲ್ಲಿಸಿದರೆ ಲೆನ್ಸ್ ಬಹುತೇಕ ಆ ಎತ್ತರಕ್ಕೇ ಬರುತ್ತದೆ. ಆಂಡ್ರಾಯ್ಡ್‌ನ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ, ಫೋನ್ ಒಪ್ಪಿದರೆ, ಫೋಕಸನ್ನು ತಾನೇ ಸರಿಸುತ್ತಾ ಸಾಲಾಗಿ ಫೋಟೋ ತೆಗೆಯುವ ಫೋಕಸ್ ಬ್ರಾಕೆಟಿಂಗ್ ಸಿಗುತ್ತದೆ. ಸಣ್ಣ ಸೆನ್ಸರ್ ಆದ್ದರಿಂದ ಆಳವೂ ಹೆಚ್ಚು, ನಾಲ್ಕಾರು ಫೋಟೋದಲ್ಲಿ ಕೆಲಸ ಮುಗಿಯುತ್ತದೆ. ಅದನ್ನು ಎನ್‌ಫ್ಯೂಸ್‌ಗೆ ಕೊಟ್ಟರೆ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದ ನೋಟ! ದೊಡ್ಡ ಪ್ರಿಂಟ್ ಬೇಕೆಂದರೆ ಮಾತ್ರ ಕ್ಯಾಮೆರಾಕ್ಕೆ ಮರಳಬೇಕು.

ನಮ್ಮ ಕಡೆಯವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಮೋಡ ಸರಿದಾಗಲೆಲ್ಲ ಕಿಟಕಿಯ ಬೆಳಕು ಬದಲಾಗುತ್ತದೆ, ಕರೆಂಟು ಹೋಗಿ ಬಂದರೆ ದೀಪದ ಬೆಳಕೂ ಬದಲಾಗುತ್ತದೆ. ರಾಶಿಯ ನಡುವೆ ಬೆಳಕು ಬದಲಾದರೆ ಬೋಗಿಯ ಮೇಲೆ ಪಟ್ಟೆ ಬೀಳುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಪರದೆ ಎಳೆದು ಬ್ಯಾಟರಿ ಎಲ್‌ಇಡಿ ಬಳಸಿ. ಮರದ ಹಲಗೆಯ ಮಹಡಿಯಾದರೆ ತೆಗೆಯುವಾಗ ಯಾರೂ ಓಡಾಡಬಾರದು. ಲೆನ್ಸಿಗೆ ಬೂಸ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ. ಬೂಸ್ಟು ಹತ್ತಿದ ಲೆನ್ಸಿನ ಮಂಕು ರಾಶಿಯ ಪ್ರತಿ ಫೋಟೋದಲ್ಲೂ ಇರುತ್ತದೆ.

ಒಗ್ಗೂಡಿಸಿದ ಮೇಲಿನ ತಿದ್ದುಪಡಿಗೆ ಡಾರ್ಕ್‌ಟೇಬಲ್, ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್‌ಗಳು ಸಾಕು. ಆದರೆ ವೈಟ್ ಬ್ಯಾಲೆನ್ಸ್ ಮಾತ್ರ ಒಗ್ಗೂಡಿಸುವ ಮೊದಲೇ ಎಲ್ಲ ಫೋಟೋಗೂ ಒಂದೇ ಇರಲಿ, ಶಾರ್ಪನಿಂಗ್ ಕೊನೆಗೆ. ಬಣ್ಣ ಬಳಿದ ಬೆಟ್ಟದ ಮೇಲೆ ಫೋಕಸ್ ಇರುವ ಕೊನೆಯ ಎರಡು ಮೂರು ಫೋಟೋಗಳನ್ನು ನಾನು ರಾಶಿಯಿಂದ ತೆಗೆದುಬಿಡುತ್ತೇನೆ. ಆಗ ಬ್ರಶ್ಶಿನ ಗೆರೆಗಳು ಕಾಣುವುದಿಲ್ಲ, ಘಾಟಿಯ ಮಂಜಿನಂತೆ ದೂರ ಮಸುಕಾಗುತ್ತದೆ. ಹಳಿ, ರೈಲು, ಕಂಬಗಳಲ್ಲಿ ಈ ರಿಯಾಯಿತಿ ಕೂಡದು.

ಹೆಲಿಕಾನ್, ಜೆರೀನ್ ಎರಡಕ್ಕೂ 30 ದಿನದ ಉಚಿತ ಪ್ರಯೋಗವಿದೆ. ರಾಶಿಗಳನ್ನು ಮೊದಲೇ ತೆಗೆದಿಟ್ಟುಕೊಂಡು ಆಮೇಲೆ ಡೌನ್‌ಲೋಡ್ ಮಾಡಿ, ಅದರಲ್ಲಿ ತಂತಿಯೋ ಬೇಲಿಯೋ ಇರುವ ದೃಶ್ಯ ಒಂದಾದರೂ ಇರಲಿ.