ತೋಟದ ಪಂಪ್ ಬೋರ್ಡಿಗೆ ಯಾವ ಚಿಪ್: ಎಲ್‌ಎಸ್, ಎಚ್‌ಸಿ, ಎಚ್‌ಸಿಟಿ, ಇಲ್ಲ ಸಿಡಿ4000?

ಕೆಳಗೆ ಕೆರೆ ಬದಿಯಲ್ಲಿ ಪಂಪ್, ಗುಡ್ಡದ ಮೇಲೆ ಟ್ಯಾಂಕ್, ನಡುವೆ ಕಾಫಿ ಗಿಡಗಳಡಿ ಸುಮಾರು 200 ಮೀಟರ್ ವೈರ್. ಕೊಡಗಿನ ತೋಟಗಳಲ್ಲಿ ಮಾಮೂಲಿ ಜೋಡಣೆ. ಟ್ಯಾಂಕ್ ತುಂಬಿದಾಗ ತೆರೆದುಕೊಳ್ಳುವ ಫ್ಲೋಟ್ ಸ್ವಿಚ್ ಹಾಕಿದರೆ, ಕಾಡುಹಂದಿ ವೈರ್ ಕಿತ್ತರೂ ಪಂಪ್ ನಿಲ್ಲುತ್ತದೆ. ಚಿಪ್ಪಿಗಿರುವ ಕೆಲಸ ಒಂದೇ ಇನ್ವರ್ಟರಿನದು, ಅಂದರೆ ಸಿಗ್ನಲ್ಲನ್ನು ತಿರುವುಮುರುವು ಮಾಡುವುದು: ಸ್ವಿಚ್ ಮುಚ್ಚಿ ಇನ್‌ಪುಟ್ 'ಲೋ' ಆದರೆ ಔಟ್‌ಪುಟ್ 'ಹೈ' ಆಗಿ ಪಂಪ್ ಓಡುತ್ತದೆ. ಒಂದು ಚಿಪ್ಪಿನಲ್ಲಿ ಇಂಥ ಆರು ಇನ್ವರ್ಟರ್ ಇರುತ್ತವೆ. 74ಎಲ್‌ಎಸ್14, 74ಎಚ್‌ಸಿ14, 74ಎಚ್‌ಸಿಟಿ14, ಸಿಡಿ40106 ನಾಲ್ಕಕ್ಕೂ ಕಾಲುಗಳ ಕ್ರಮ ಒಂದೇ, ಹಾಗಾಗಿ ಒಂದೇ 14 ಕಾಲಿನ ಸಾಕೆಟ್ಟಿನಲ್ಲಿ ಬದಲಿಸಿ ನೋಡಬಹುದು. ಬದಲಿಸುವ ಮುನ್ನ ವೋಲ್ಟೇಜ್ ಮಾತ್ರ ನೋಡಿಕೊಳ್ಳಿ: 12 ವೋಲ್ಟ್ ಬೋರ್ಡಿಗೆ ಮೊದಲ ಮೂರರಲ್ಲಿ ಯಾವುದನ್ನು ತಳ್ಳಿದರೂ ಸುಟ್ಟೇ ಹೋಗುತ್ತದೆ.

ಎಲ್‌ಎಸ್ ಸೋಲುವುದು ಇನ್‌ಪುಟ್‌ನಲ್ಲಿ. ಅದನ್ನು ಕೆಳಗೆ ಎಳೆಯಲು 0.4 ಮಿಲಿ ಆಂಪಿಯರ್‌ವರೆಗೆ ಹೊರಗೆ ಹರಿಸಬೇಕು. ಉದ್ದ ವೈರಿನಿಂದ ರಕ್ಷಣೆಗೆಂದು 10 ಕಿಲೋ ಓಮ್ ಸರಣಿಯಲ್ಲಿ ಹಾಕಿದರೆ, ಸ್ವಿಚ್ ಮುಚ್ಚಿದ್ದರೂ ಇನ್‌ಪುಟ್ 1 ವೋಲ್ಟ್‌ಗಿಂತ ಮೇಲೆಯೇ ನಿಲ್ಲುತ್ತದೆ, ಪಂಪ್ ಶುರುವಾಗುವುದೇ ಇಲ್ಲ. 1 ಕಿಲೋ ಓಮ್‌ಗಿಂತ ಹೆಚ್ಚು ಹಾಕುವಂತಿಲ್ಲ, ಅಷ್ಟರಿಂದ ರಕ್ಷಣೆಯೂ ಸಾಲದು. ಚಿಪ್ ತಾನೇ 10 ಮಿಲಿ ಆಂಪಿಯರ್ ಆಸುಪಾಸು ತಿನ್ನುತ್ತದೆ.

ಎಚ್‌ಸಿ 2ರಿಂದ 6 ವೋಲ್ಟ್‌ನಲ್ಲಿ ನಡೆಯುತ್ತದೆ, ಇನ್‌ಪುಟ್ ಕರೆಂಟ್ ಇಲ್ಲವೆಂದೇ ಹೇಳಬೇಕು. ಬ್ಯಾಟರಿ ಉಳಿಯುತ್ತದೆಂದು ಇದನ್ನು ಆರಿಸುವವರು ಒಂದು ಮರೆಯುತ್ತಾರೆ: 12ನ್ನು 5 ಮಾಡುವ 7805 ತಾನೇ 5 ಮಿಲಿ ಆಂಪಿಯರ್ ನುಂಗುತ್ತದೆ. ಎಚ್‌ಸಿಟಿಗೆ ಬೇರೆಯೇ ಜಾಗ. 5 ವೋಲ್ಟ್‌ನಲ್ಲಿ ಎಚ್‌ಸಿಗೆ 'ಹೈ' ಎಂದು ಖಾತ್ರಿಯಾಗಲು ಸುಮಾರು 3.5 ವೋಲ್ಟ್ ಬೇಕು, ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಕೊಡುವುದು 3.3. ಮೇಜಿನ ಮೇಲೆ ನಡೆದದ್ದು ಪಂಪ್ ಮನೆಯಲ್ಲಿ ಕೈಕೊಡುವುದು ಇಂಥ ಕಡೆ. ಎಚ್‌ಸಿಟಿಗೆ 2 ವೋಲ್ಟ್ ಆಸುಪಾಸು ಸಾಕು. ಆದರೆ ಅದೇ ಕಾರಣಕ್ಕೆ ವೈರಿನ ಗದ್ದಲಕ್ಕೂ (ನಾಯ್ಸ್) ಬೇಗ ಮೋಸ ಹೋಗುತ್ತದೆ.

ಸಿಡಿ40106 ನಾಲ್ಕರಲ್ಲಿ ಎಲ್ಲಕ್ಕಿಂತ ನಿಧಾನ. ಉಳಿದವು ಹತ್ತಿಪ್ಪತ್ತು ನ್ಯಾನೋ ಸೆಕೆಂಡಿನಲ್ಲಿ ಮುಗಿಸುವುದಕ್ಕೆ ಇದಕ್ಕೆ 5 ವೋಲ್ಟ್‌ನಲ್ಲಿ ನೂರಕ್ಕೂ ಮೇಲೆ ಬೇಕು. ನೀರು ತುಂಬಲು ಗಂಟೆ ಹಿಡಿಯುವಲ್ಲಿ ಅದನ್ನು ಯಾರು ಕೇಳುತ್ತಾರೆ? 3ರಿಂದ 18 ವೋಲ್ಟ್‌ವರೆಗೆ ನೇರ ಕೂರುತ್ತದೆ, 7805 ಬೇಡ. 10 ವೋಲ್ಟ್‌ನಲ್ಲಿ ಆನ್‌ಗೂ ಆಫ್‌ಗೂ ನಡುವೆ ಸುಮಾರು 2 ವೋಲ್ಟ್ ಅಂತರವಿದೆ, ಎಚ್‌ಸಿಯಲ್ಲಿ 5 ವೋಲ್ಟ್‌ಗೆ ಸುಮಾರು ಒಂದು. ಅಂತರ ಹೆಚ್ಚಿದಷ್ಟೂ ಗದ್ದಲಕ್ಕೆ ಮೋಸ ಹೋಗುವುದು ಕಡಿಮೆ. ವೈರಿನಿಂದ 10 ಕಿಲೋ ಓಮ್ ಮೇಲಕ್ಕೆ (12 ವೋಲ್ಟ್‌ಗೆ), ನಂತರ 100 ಕಿಲೋ ಓಮ್ ಸರಣಿಯಲ್ಲಿ, ಚಿಪ್ ಕಡೆ 0.1 ಮೈಕ್ರೋಫ್ಯಾರಡ್ ನೆಲಕ್ಕೆ. ದೂರದ ಮಿಂಚಿನಿಂದ ವೈರಿನಲ್ಲೇಳುವ, 10 ಮಿಲಿ ಸೆಕೆಂಡಿನೊಳಗಿನ ವೋಲ್ಟೇಜ್ ಜಿಗಿತಗಳು ಅಲ್ಲೇ ಸಾಯುತ್ತವೆ. ಸಿಡಿಲು ನೇರ ಬಡಿದರೆ ಯಾವ ಚಿಪ್ಪೂ ಉಳಿಯದು, ಏಪ್ರಿಲ್-ಮೇಯಲ್ಲಿ ವೈರನ್ನು ಬಿಚ್ಚಿಡುವುದೇ ಸರಿ.

ಮೇಲಕ್ಕೆ ಎಳೆಯುವ ಆ 10 ಕಿಲೋ ಓಮ್ ಬದಲು ಕರೆಂಟ್ ಉಳಿಸಲು 1 ಮೆಗಾ ಓಮ್ ಹಾಕುವ ಆಸೆ ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಹಳೆಯ ವೈರಿನ ಜಾಯಿಂಟ್ ಒದ್ದೆಯಾಗಿ 100 ಕಿಲೋ ಓಮ್ ಸೋರಿಕೆಯಾಯಿತು ಅನ್ನಿ. 10 ಕಿಲೋ ಇದ್ದರೆ ಸ್ವಿಚ್ ತೆರೆದಾಗ 10.9 ವೋಲ್ಟ್ ಸಿಗುತ್ತದೆ, 1 ಮೆಗಾ ಇದ್ದರೆ ಬರೀ 1.1. ಚಿಪ್‌ಗೆ ಟ್ಯಾಂಕ್ ಇನ್ನೂ ಖಾಲಿ, ಪಂಪ್ ನಿಲ್ಲದು, ಗುಡ್ಡದ ಮೇಲಿನ ಟ್ಯಾಂಕ್ ಉಕ್ಕಿ ಕೆಳಗಿನ ಬರೆ (ಮಣ್ಣಿನ ಇಳಿಜಾರು) ಕೊಚ್ಚುತ್ತದೆ.

ಸಿಡಿ40106ರ ದೋಷ ಔಟ್‌ಪುಟ್ಟಿನ ದೌರ್ಬಲ್ಯ: 10 ವೋಲ್ಟ್‌ನಲ್ಲಿ ಖಾತ್ರಿ ಇರುವುದು 1 ಮಿಲಿ ಆಂಪಿಯರ್ ಆಸುಪಾಸು ಅಷ್ಟೇ. 10 ಕಿಲೋ ಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರ್, ಅದರಿಂದ 400 ಓಮ್ ರಿಲೇ, ಕಾಯಿಲ್‌ಗೆ 1ಎನ್4007 ಡಯೋಡ್, ರಿಲೇಯಿಂದ ಸ್ಟಾರ್ಟರಿನ ಕಂಟ್ಯಾಕ್ಟರ್. ಅಗ್ಗದ ಅಡಾಪ್ಟರ್ ಹೊರೆ ಇಲ್ಲದಾಗ 16-17 ವೋಲ್ಟ್ ತೋರಿಸುವುದುಂಟು, ಆದ್ದರಿಂದ ಚಿಪ್‌ಗೆ 100 ಓಮ್ ಮತ್ತು 15 ವೋಲ್ಟ್ 1 ವಾಟ್ ಝೀನರ್ ಡಯೋಡ್ ಸೇರಿಸಿ. ಬಳಸದ ಐದು ಇನ್‌ಪುಟ್‌ಗಳನ್ನು ನೆಲಕ್ಕೆ ಕಟ್ಟಿ. ಎಲ್‌ಎಸ್‌ನಲ್ಲಿ ಬಿಟ್ಟರೂ 'ಹೈ' ಎಂದುಕೊಂಡು ಸುಮ್ಮನಿರುತ್ತದೆ, ಇಲ್ಲಿ ಸುಮ್ಮನಿರದು. ಬೆಸುಗೆಯ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ವಾರ್ನಿಷ್ ಬಳಿಯಿರಿ. ಕುಶಾಲನಗರದ ಕಡೆ ತಪ್ಪಿದರೂ ನಡೆದೀತು, ಭಾಗಮಂಡಲದಲ್ಲಿ ಬೂಷ್ಟು ಹಿಡಿದು 100 ಕಿಲೋ ಓಮ್ ತುದಿಗಳ ನಡುವೆಯೇ ಕರೆಂಟ್ ದಾರಿ ಮಾಡಿಕೊಳ್ಳುತ್ತದೆ.