ಆರ್ಗ್ಯಾನಿಕ್ ಮ್ಯಾಪ್ಸ್: ಕಾಸರಗೋಡಿನ ಒಳದಾರಿಗಳಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಟ್ರಾಫಿಕ್ ವಿಷಯಕ್ಕೆ. ಹೆದ್ದಾರಿಯಲ್ಲಿ ಎಲ್ಲಿ ಬ್ಲಾಕ್ ಆಗಿದೆ ಅಂತ ಈ ನಕ್ಷೆ ಆ್ಯಪ್ ಹೇಳುವುದಿಲ್ಲ. ಹೋಟೆಲಿನ ಫೋಟೊ, ರೇಟಿಂಗ್ ಬೇಕು ಅನ್ನುವವರಿಗೂ ಇದು ಆಗಿಬರುವುದಿಲ್ಲ.

ನನಗೆ ಬೇಕಾಗಿದ್ದು ಒಳದಾರಿ. ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟಗಳ ನಡುವೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಇದರಲ್ಲಿ ನಕ್ಷೆ ಫೋನಿನೊಳಗೇ ಇರುತ್ತದೆ. ಜಾಹೀರಾತಿನ ಕಾಟ ಇಲ್ಲ. ಖರ್ಚು ನಡೆಯುವುದು ಜನ ಕೊಡುವ ದೇಣಿಗೆಯಿಂದ.

ನಕ್ಷೆ ಬರುವುದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮ ಮನೆ ಹತ್ತಿರದ ತೋಡಿಗೆ ಅಡಿಕೆ ಮರದ ಕಾಲುಸಂಕವೊಂದಿದೆ. ಕಂಪನಿಯೊಂದರ ಆ್ಯಪ್‌ಗೆ ಅದು ರಸ್ತೆ! ಪಾರ್ಸೆಲ್ ತರುವ ಹುಡುಗರು ಬೈಕ್ ಸಮೇತ ಸಂಕದ ಬುಡಕ್ಕೆ ಬಂದು, ಕೆಳಗಿನ ಕೆಂಪು ನೀರು ನೋಡಿ, ಬೈಯುತ್ತಾ ಫೋನ್ ಮಾಡುತ್ತಿದ್ದರು. ಕಂಪನಿಗೆ ದೂರು ಕೊಟ್ಟರೆ ‘ಪರಿಶೀಲಿಸುತ್ತೇವೆ’ ಅಂತ ಉತ್ತರ, ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾನೇ ಅದನ್ನು ನಡೆಯುವವರಿಗೆ ಮಾತ್ರ ಅಂತ ಗುರುತು ಮಾಡಿದೆ. ಮುಂದಿನ ಅಪ್‌ಡೇಟ್‌ನಲ್ಲಿ ಬೈಕಿನ ದಾರಿ ಶಾಲೆ ಪಕ್ಕದಿಂದ ಸುತ್ತಿ ಬಂತು. ಊರಿನ ಹೆಸರಿಗೂ ಅಲ್ಲಿ ಕನ್ನಡ, ಮಲಯಾಳ, ತುಳು ಅಂತ ಬೇರೆ ಬೇರೆ ಖಾನೆಗಳಿವೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಗಡಿನಾಡಿನಲ್ಲಿ ಇದು ಸಣ್ಣ ವಿಷಯವಲ್ಲ, ಅಲ್ವಾ?

ಹಾಗಂತ ಇಲ್ಲಿಗೆ ದುಡ್ಡಿನ ಗಾಳಿ ಸೋಕಿಲ್ಲ ಅಂದುಕೊಳ್ಳಬೇಡಿ. ಮೆಟಾ, ಅಮೆಜಾನ್, ಆ್ಯಪಲ್‌ನಂಥ ಕಂಪನಿಗಳು ಸಂಬಳ ಕೊಟ್ಟು ಇದೇ ನಕ್ಷೆಗೆ ರಸ್ತೆ ಬರೆಸುತ್ತವೆ. ನನಗೆ ತಕರಾರಿಲ್ಲ. ಆದರೆ ಉಪಗ್ರಹದ ಚಿತ್ರದಲ್ಲಿ ತೋಟದ ನೆರಳಿನ ಸಂಕ ಕಾಣುವುದಿಲ್ಲ, ಭೂತದ ಕಟ್ಟೆಯ ಹೆಸರೂ ಸಿಗುವುದಿಲ್ಲ. ಅದನ್ನು ಊರವರೇ ಬರೆಯಬೇಕು.

ನನ್ನ ಪ್ರಶ್ನೆ ಬೇರೆ: ಬರೆದದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ? ಗೂಗಲ್‌ನ ಮ್ಯಾಪ್ ಮೇಕರ್ 2008ರಲ್ಲಿ ಬಂದಾಗ ಭಾರತದಲ್ಲಿ ತುಂಬಾ ಜನ ಸುಮ್ನೆ ಪ್ರೀತಿಗೆ ಅಂತ ರಸ್ತೆ, ಶಾಲೆ, ಕೆರೆ ಬರೆದರು. 2017ರಲ್ಲಿ ಅದು ಮುಚ್ಚಿತು. ಬರೆದದ್ದು ಗೂಗಲ್ ಮ್ಯಾಪ್ಸಿನ ಹೊಟ್ಟೆ ಸೇರಿತು. ಗೇಣಿ ಗದ್ದೆಗೆ ಸುಡುಮಣ್ಣಿನ ಗೊಬ್ಬರ ಹೊತ್ತು ಹಾಕಿದ ಹಾಗೆ.

ಆರ್ಗ್ಯಾನಿಕ್ ಮ್ಯಾಪ್ಸಿನ ಕಥೆ ಇದಕ್ಕೆ ಉಲ್ಟಾ. ಇದರ ಮೂಲ ಮ್ಯಾಪ್ಸ್.ಮಿ ಅನ್ನುವ ನಕ್ಷೆ ಆ್ಯಪ್. 2014ರಲ್ಲಿ ಅದನ್ನು ರಷ್ಯಾದ ಮೇಲ್.ರು ಕಂಪನಿ ಕೊಂಡಿತು. 2020ರಲ್ಲಿ ಮತ್ತೊಂದು ಕಂಪನಿಗೆ ಮಾರಿತು. ಆದರೆ ಅದರ ಕೋಡ್ 2015ರಲ್ಲೇ ಯಾರು ಬೇಕಾದರೂ ಬಳಸುವ ಹಾಗೆ ಮುಕ್ತವಾಗಿತ್ತು. ಹಾಗಾಗಿ ಮೊದಲು ಕಟ್ಟಿದವರೇ ಆ ಕೋಡ್ ಎತ್ತಿಕೊಂಡು ಹೊರಬಂದು ಇದನ್ನು ಮಾಡಿದರು. ತಮಾಷೆ ಅಂದ್ರೆ, 2025ರಲ್ಲಿ ಇಲ್ಲೂ ಆಡಳಿತ ಪಾರದರ್ಶಕವಾಗಿಲ್ಲ ಅಂತ ಕೆಲವು ಕೊಡುಗೆದಾರರು ಬೇರೆಯಾಗಿ ಕೋಮ್ಯಾಪ್ಸ್ ಅನ್ನುವ ಆ್ಯಪ್ ಶುರು ಮಾಡಿದರು. ಜಗಳ ಬೇಸರದ್ದೇ. ಆದರೆ ನಾವು ಬರೆದದ್ದಕ್ಕೆ ಏನೂ ಆಗಲಿಲ್ಲ, ಎರಡಕ್ಕೂ ನಕ್ಷೆ ಒಂದೇ. ನನ್ನ ಫೋನಿನಲ್ಲಿ ಸದ್ಯ ಎರಡೂ ಇವೆ.

ಹೊಸದಾಗಿ ಹಾಕಿಕೊಳ್ಳುವವರಿಗೆ ಒಂದು ಮಾತು. ನಮ್ಮ ಕಡೆಯವರು ಕೇರಳದ ನಕ್ಷೆ ಮಾತ್ರ ಇಳಿಸಿಕೊಂಡರೆ ಸಾಲದು. ಪೆರ್ಲದಿಂದ ಅಡ್ಯನಡ್ಕ ದಾಟಿ ವಿಟ್ಲಕ್ಕೆ ಹೋಗಬೇಕಾದರೆ ಕರ್ನಾಟಕದ ಫೈಲೂ ಬೇಕು. ಮನೆಯಲ್ಲಿ ವೈಫೈ ಇರುವಾಗಲೇ ಎರಡನ್ನೂ ಇಳಿಸಿಟ್ಟುಕೊಳ್ಳಿ.