ಸಲೈನ್ ಅಥವಾ ಸಿಲಿಕೋನ್: ಸೋರಿದರೆ ಏನಾಗುತ್ತದೆ?

ಸ್ತನದ ಇಂಪ್ಲಾಂಟ್ (ಸ್ತನದೊಳಗೆ ಇಡುವ ಕೃತಕ ಚೀಲ) ಆರಿಸುವಾಗ ಎಲ್ಲರೂ ಮೊದಲು ನೋಡುವುದು ಆಕಾರ. ಸೋರಿದರೆ ಏನು ಗತಿ ಅನ್ನೋದನ್ನೂ ಕೇಳಬೇಕು, ಅಲ್ವಾ?

ಸಲೈನ್‌ನಲ್ಲಿ ಇರುವುದು ಉಪ್ಪುನೀರು. ಒಡೆದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸ್ತನ ಇಳಿದುಹೋಗುತ್ತದೆ, ನೀರನ್ನು ದೇಹ ಹೀರಿಕೊಳ್ಳುತ್ತದೆ. ಆದರೆ ಚರ್ಮ ತೆಳುವಿದ್ದರೆ, ಒಡೆಯದಿದ್ದರೂ ಸುಕ್ಕು ಕಾಣಬಹುದು.

ಸಿಲಿಕೋನ್ ಮುಟ್ಟಿದರೆ ಸಹಜ ಅನಿಸುತ್ತದೆ. ಒಡೆದರೆ ಮಾತ್ರ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಒಳಗಿನ ಸಿಲಿಕೋನ್ ಜೆಲ್, ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಳ್ಳುವ ಗಾಯದ ಪೊರೆಯೊಳಗೇ ಉಳಿಯಬಹುದು. ಪೊರೆ ದಾಟಿದರೆ ಅಕ್ಕಪಕ್ಕದ ಅಂಗಾಂಶಕ್ಕೆ, ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋಗಿ ಗಂಟು ಕಟ್ಟಬಹುದು. ಅಲ್ಲಿಂದ ಪೂರ್ತಿ ತೆಗೆಯುವುದು ಕಷ್ಟ. ಅದಕ್ಕೇ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕೊಟ್ಟ ಸಲಹೆ: ನೋವಿಲ್ಲದಿದ್ದರೂ ಶಸ್ತ್ರಚಿಕಿತ್ಸೆಯಾದ 5-6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ.

ಈ ತಪಾಸಣೆಯ ಖರ್ಚು, ಓಡಾಟ ನಿಭಾಯಿಸಲು ಆಗದವರಿಗೆ ನಾನು ಸಲೈನ್ ಅನ್ನೇ ಹೇಳುತ್ತೇನೆ.